ಸ್ಲೇಟಿನ ಮೇಲಿನ ಎರಡು ಸಾಲು

ಕಳೆದ ಶನಿವಾರ ಮುಂಬೈನ ಬಾಂದ್ರಾದ ಪುಟ್ಟ ಸಭಾಗೃಹದಲ್ಲಿ ನನ್ನ ಮೊದಲ ಪೂರ್ಣಾವಧಿಯ ಜಾಝ್ ಕಾರ್ಯಕ್ರಮ ನಡೆಯಿತು. ಎರಡು ವರ್ಷ ಹಾಡನ್ನೇ ಮರೆತಿದ್ದ ಗಂಟಲು ತೊಂಬತ್ತು ನಿಮಿಷ ನನ್ನ ಕೈಬಿಡಲಿಲ್ಲ. ನಡುವೆ ಏನೇನಾಯಿತು ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

1978ರಲ್ಲಿ ಮುಂಬೈನ ರಂಗಭವನ ಬಯಲು ರಂಗಮಂದಿರದಲ್ಲಿ ನಡೆದ ಮೊದಲ ‘ಜಾಝ್ ಯಾತ್ರೆ’ ಸಂಗೀತೋತ್ಸವವನ್ನು ಕಣ್ಣಾರೆ ಕಂಡಿದ್ದ ನಮ್ಮ ಪಿಯಾನೋ ವಾದಕರಿಗೆ, ಬಾಸ್ ಮತ್ತು ಡ್ರಮ್ಸ್ ನುಡಿಸಿದ ಗೆಳೆಯರಿಗೆ, ಮನೆಮನೆಗೆ ಹೋಗಿ ಟಿಕೆಟ್ ಮಾರಿದ ಮಾಟುಂಗಾದ ಕನ್ನಡ ಬಳಗಕ್ಕೆ ಹೃತ್ಪೂರ್ವಕ ಕೃತಜ್ಞತೆಗಳು. ಇನ್ನು ಮುಂದಿನದೆಲ್ಲ ಚಿಕ್ಕಮ್ಮನಿಗೆ.

ಗಂಟಲಿನ ಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಬಂದ ಮೇಲೆ ಮೂರು ವಾರ ಒಂದು ಮಾತನ್ನೂ ಆಡಬಾರದೆಂದು ವೈದ್ಯರು ಹೇಳಿದ್ದರು. ಜುಲೈ ತಿಂಗಳ ಆ ರಾತ್ರಿ ಲೋಕಲ್ ರೈಲುಗಳು ನಿಂತು, ಕಿಂಗ್ಸ್ ಸರ್ಕಲ್ ಬಳಿ ಮೊಣಕಾಲುದ್ದ ನೀರು ನಿಂತಿತ್ತು. ನನಗೆ ಬದುಕೇ ಬೇಡವಾಗಿತ್ತು. ಇದನ್ನು ಇಲ್ಲಿ ಬರೆಯಬೇಕೇ ಎಂದು ಮೂರು ದಿನ ಯೋಚಿಸಿದೆ; ಬರೆಯದೆ ಹೋದರೆ ಈ ಕೃತಜ್ಞತೆ ಸುಳ್ಳಾಗುತ್ತದೆ. ನಾನು ಕಳಿಸಿದ ಸಂದೇಶದ ಧಾಟಿಯನ್ನು ಕಂಡು ಅನುಮಾನಗೊಂಡ ಚಿಕ್ಕಮ್ಮ ಆ ನೀರಿನಲ್ಲೇ ನಡೆದು ಸಯನ್ನಿನ ನನ್ನ ಕೋಣೆಗೆ ಬಂದರು. ಒಂದು ಕೈಯಲ್ಲಿ ಗಂಜಿಯ ಡಬ್ಬಿ, ಇನ್ನೊಂದರಲ್ಲಿ ಮರದ ಚೌಕಟ್ಟಿನ ಸ್ಲೇಟು. ಪಾಲಿಕೆಯ ಕನ್ನಡ ಶಾಲೆಯಲ್ಲಿ ಅವರು ಇಪ್ಪತ್ತೆಂಟು ವರ್ಷ ಪಾಠ ಮಾಡಿದವರು.

ನಡುರಾತ್ರಿ ಕಳೆದ ಮೇಲೆ, ಮೂವತ್ನಾಲ್ಕು ವರ್ಷ ಯಾರಿಗೂ ಹೇಳದ್ದನ್ನು ಸ್ಲೇಟಿನ ಮೇಲೆ ಬರೆದೆ: ‘ನಾನು ಗಂಡಸರನ್ನು ಪ್ರಿತಿಸುವವನು.’ ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕಡ್ಡಿ ತೆಗೆದುಕೊಂಡು ಮೊದಲು ‘ಪ್ರಿ’ಗೆ ದೀರ್ಘ ಹಾಕಿದರು, ಅದರ ಕೆಳಗೆ ತಮ್ಮ ದುಂಡನೆಯ ಅಕ್ಷರದಲ್ಲಿ, ‘ಗೊತ್ತು ಮಗಾ. ಗಂಜಿ ಆರಿಹೋಗುತ್ತದೆ, ಉಣ್ಣು’ ಎಂದು ಬರೆದರು. ಮಾತನಾಡಬಲ್ಲವರು ಏಕೆ ಬರೆದರು ಎಂದು ಆಗ ಹೊಳೆಯಲಿಲ್ಲ. ಬೆಳಗಿನವರೆಗೂ ಅವರೂ ಒಂದು ಮಾತಾಡದೆ ನನ್ನ ಪಕ್ಕದಲ್ಲಿ ಕುಳಿತಿದ್ದರು.

ಜಾಝ್ ಗಾಯಕರು ಸ್ಟ್ಯಾಂಡರ್ಡ್ ಎಂದು ಕರೆಯುವ ಹಳೆಯ ಹಾಡುಗಳಲ್ಲಿ ಎಷ್ಟೋ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ಸಂಗೀತ ನಾಟಕಗಳಿಗಾಗಿ ಹುಟ್ಟಿದವು; ಹೆಣ್ಣಿನ ಪಾತ್ರಕ್ಕೆಂದು ಬರೆದುದನ್ನು ಗಂಡಸು ಹಾಡುವಾಗ ‘ಹಿಮ್’ (ಅವನನ್ನು) ಎಂಬುದನ್ನು ‘ಹರ್’ (ಅವಳನ್ನು) ಎಂದು ಬದಲಿಸಿಕೊಳ್ಳುವುದು ವಾಡಿಕೆ. ಅಂಥ ಹಾಡುಗಳಿಗೆ ಸಾಹಿತ್ಯ ಬರೆದ ಲೊರೆಂಝ್ ಹಾರ್ಟ್ ತನ್ನ ಒಲವನ್ನು ಜಗತ್ತಿನಿಂದ ಮುಚ್ಚಿಟ್ಟುಕೊಂಡೇ 1943ರಲ್ಲಿ ತೀರಿಕೊಂಡ. ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ನನ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಅದೇ ಕಾಲದ ನ್ಯೂಯಾರ್ಕಿನಲ್ಲಿ ಮುಚ್ಚುಮರೆಯಿಲ್ಲದೆ ಬಾಳಿದ. ನಾನು ಮಾತ್ರ, 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲವೆಂದು 377ನೇ ಕಲಂ ಕುರಿತ ಸುಪ್ರೀಂ ಕೋರ್ಟಿನ ತೀರ್ಪು ಬಂದ ಸಂಜೆಯೂ ‘ಹರ್’ ಎಂದೇ ಹಾಡಿದ್ದೆ.

ಗಂಟಲು ಮರಳಿದ ಮೇಲೆ, ಹಾಡಿನ ನಡುವೆ ನನ್ನದೇ ಕಥೆ ಹೇಳಿ ನಗಿಸುವ ಯೋಚನೆ ಬಂದಾಗ ಹಾಡಿನ ಘನತೆ ಕುಗ್ಗೀತೆಂದು ಅಂಜಿದೆ. ಚಿಕ್ಕಮ್ಮನಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ‘ಹಾಡು ನಿಲ್ಲಿಸಿ, ಉಪಕಥೆ ಹೇಳಿ, ನಗಿಸಿ, ಮತ್ತೆ ಹಾಡಿಗೆ ಬರುವುದು ಹರಿಕಥೆಯ ದಾಸರು ಮಾಡುವುದೇ ಅಲ್ಲವೇ?’ ಎಂದರು. ಕಾರ್ಯಕ್ರಮದ ಇಡೀ ಕಟ್ಟಡ ನಿಂತದ್ದು ಆ ಒಂದು ಮಾತಿನ ಮೇಲೆ.

ಶನಿವಾರ ದೀರ್ಘದ ಕಥೆ ಹೇಳಿದಾಗ ಸಭೆಯಲ್ಲಿ ಮೊದಲು ನಕ್ಕವರು ಮುಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ. ಕೊನೆಯ ಹಾಡಿನಲ್ಲಿ ‘ಹಿಮ್’ ಎಂಬಲ್ಲಿ ನಾನು ಏನನ್ನೂ ಬದಲಿಸಲಿಲ್ಲ. ಪಿಯಾನೋ ನಿಂತು, ಆ ಒಂದು ಶಬ್ದ ಒಂಟಿಯಾಗಿ ಉಳಿದಾಗ ಅವರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಪರದೆಯ ಹಿಂದೆ ಬಂದವರು ನನ್ನ ಗಂಟಲಿಗೆ ಶಾಲು ಸುತ್ತಿ, ಬಿಸಿನೀರು ಕುಡಿಸಿ, ರಂಗಕ್ಕೆಂದು ತಂದಿದ್ದ ಸ್ಲೇಟನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. ಪಕ್ಕದ ಮನೆಯ ಮಗುವಿಗೆ ಸೋಮವಾರದಿಂದ ಅಕ್ಷರಾಭ್ಯಾಸವಂತೆ.