ಮಗಳಿಗೊಂದು ಪತ್ರ: ಲ್ಯಾಂಪ್ ಹಚ್ಚುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ತಕ್ಷಣ ಏನೋ ಆಗಿದೆ ಅನ್ನಿಸಿತು. ಮೂರು ವಾರದ ಹಿಂದೆ ಕಲ್ಲು ಹೊಡೆದ ಚಿಪ್‌ಗೆ ನೀನು ರೆಸಿನ್ ಅಂಟು ತುಂಬಿ ರಿಪೇರಿ ಮಾಡಿಕೊಟ್ಟ ವಿಂಡ್‌ಶೀಲ್ಡ್‌ನಲ್ಲಿ ಬಿರುಕು ಗೇಣುದ್ದ ಓಡಿದೆ, ಗಾಡಿಯವರು ವಾಪಸ್ ತಂದಿದ್ದಾರೆ, "ರೆಸಿನ್ನೇ ಸರಿಯಿಲ್ಲ ಅಪ್ಪಾ" ಅಂದೆ. ಅವರ ದುಡ್ಡು ವಾಪಸ್ ಕೊಟ್ಟೆ ಅಂದಿದ್ದು ಕೇಳಿ ಸಮಾಧಾನವಾಯಿತು. ರೆಸಿನ್ ಮಾತು ಮಾತ್ರ ಮನಸ್ಸಿಗೆ ಒಪ್ಪಲಿಲ್ಲ.

ರಿಪೇರಿ ಮುಗಿದ ದಿನ ನೀನು ತೆಗೆದ ಫೋಟೋ ಕಳಿಸಿದ್ದೆಯಲ್ಲ, ಅದನ್ನು ದೊಡ್ಡದು ಮಾಡಿ ನೋಡಿದೆ. ಸ್ಟಾರ್ ಬ್ರೇಕ್, ಪೆಟ್ಟು ಬಿದ್ದ ಜಾಗದಿಂದ ನಕ್ಷತ್ರದ ಹಾಗೆ ಚಾಚಿದ ಐದು ಸಣ್ಣ ಬಿರುಕು, ಐದು ಕಾಲು. ನಾಲ್ಕು ಕಾಲು ಪೂರ್ತಿ ಮಾಯವಾಗಿವೆ, ಕೈ ಚೆನ್ನಾಗಿ ಕುದುರಿದೆ. ಐದನೆಯದರ ತುದಿಯಲ್ಲಿ ಮಾತ್ರ ಸೂಜಿಮೊನೆಯಷ್ಟು ಬೆಳ್ಳಿ ಮಿಂಚು ಉಳಿದಿದೆ. ಬಿರುಕು ಓಡಿರುವುದು ಸರಿಯಾಗಿ ಅಲ್ಲಿಂದಲೇ.

ಆ ಮಿಂಚು ಗಾಳಿ ಮಗಳೇ. ವಿಂಡ್‌ಶೀಲ್ಡ್ ಅಂದರೆ ಎರಡು ಗಾಜು, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ. ಕಲ್ಲು ಹೊಡೆದರೆ ಸಾಮಾನ್ಯವಾಗಿ ಹೊರಗಿನ ಗಾಜು ಮಾತ್ರ ಒಡೆಯುತ್ತದೆ, ಒಡೆದ ಸಂದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಹೊಳೆಯುವುದು ಆ ಗಾಳಿಯೇ. ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೋ ಹೆಚ್ಚುಕಡಿಮೆ ಅಷ್ಟೇ ಬಾಗಿಸುವ ರೆಸಿನ್ ಒಳಗೆ ಹೋದರೆ ಸಂದಿ ಕಾಣಿಸುವುದಿಲ್ಲ. ಕಾಣಿಸಿತು ಅಂದರೆ ಅಲ್ಲಿಗೆ ರೆಸಿನ್ ಮುಟ್ಟಿಲ್ಲ, ಗಾಜು ಅಂಟಿಕೊಂಡಿಲ್ಲ. ಬಿಸಿಲಿಗೆ ಗಾಜು ಹಿಗ್ಗಿದಾಗ, ಗಾಡಿ ಗುಂಡಿಗೆ ಬಿದ್ದು ಅದುರಿದಾಗ, ಎಳೆತವೆಲ್ಲ ಆ ತುದಿಗೇ ಬೀಳುತ್ತದೆ.

ರೆಸಿನ್ ಯಾಕೆ ಹೋಗಲಿಲ್ಲ? ರೆಸಿನ್ ಒತ್ತುವ ಇಂಜೆಕ್ಟರನ್ನು ಗಾಜಿಗೆ ಜಾಸ್ತಿ ಬಿಗಿ ಮಾಡಿದ್ದೆಯಾ ಅಂತ ನನಗೆ ಅನುಮಾನ. ಸೋರಬಾರದು ಅಂತ ತಿರುಪುತ್ತಾ ಹೋಗುತ್ತೇವೆ, ಅಲ್ವಾ? ಆ ಒತ್ತಡಕ್ಕೆ ಕಾಲುಗಳು ಬಿಗಿದುಕೊಳ್ಳುತ್ತವೆ, ರೆಸಿನ್‌ಗೆ ತುದಿಯ ತನಕ ದಾರಿ ಇರುವುದಿಲ್ಲ. ರಬ್ಬರ್ ಸೀಲ್ ಗಾಜಿಗೆ ಕೂತರೆ ಸಾಕು. ಸೋರಿದರೆ ಸೀಲ್ ಬದಲಾಯಿಸು, ಬಲ ಹಾಕಬೇಡ. ಆಮೇಲೆ ಗಾಳಿ ಎಳೆ, ರೆಸಿನ್ ಒತ್ತು, ಮತ್ತೆ ಎಳೆ, ಮತ್ತೆ ಒತ್ತು. ಹಟ ಹಿಡಿದ ಕಾಲಿಗೆ ಗಾಡಿಯ ಒಳಗಿನಿಂದ ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡು. ಗಾಳಿಯ ಗೆರೆಯೊಂದು ಬುಡದಿಂದ ತುದಿಯ ಕಡೆ ಕರಗುತ್ತಾ ಹೋಗುವುದು, ಕೊನೆಯಲ್ಲಿ ಒಂದು ಸಣ್ಣ ಗುಳ್ಳೆ ತೆವಳಿಕೊಂಡು ಇಂಜೆಕ್ಟರ್ ಕಡೆ ಬರುವುದು ಕಾಣುತ್ತದೆ. ಇಷ್ಟು ವರ್ಷವಾದರೂ ಆ ಗುಳ್ಳೆ ಹೊರಟಾಗ ನನಗೆ ಖುಷಿಯಾಗುತ್ತದೆ.

ಹಾಗೆ ಹೋಗುವ ತನಕ ರೆಸಿನ್ ಗಟ್ಟಿ ಮಾಡುವ ಲ್ಯಾಂಪ್ ಮುಟ್ಟಬೇಡ. ನಾನು ಈ ಕಾಗದ ಬರೆಯಲು ಕೂತಿದ್ದೇ ಇದಕ್ಕೆ. ಯುವಿ (ನೇರಳಾತೀತ) ಲ್ಯಾಂಪ್ ಹಚ್ಚುವ ತನಕ ತಪ್ಪು ಬಹುಪಾಲು ತಿದ್ದಬಹುದು. ಹಚ್ಚಿದ ಮೇಲೆ ಒಳಗೆ ಏನಿದೆಯೋ ಅದು ಅಲ್ಲೇ ಗಟ್ಟಿಯಾಗುತ್ತದೆ. ಗಾಳಿ ಇದ್ದರೆ ಗಾಳಿ, ನೀರಿದ್ದರೆ ನೀರು, ದೂಳಿದ್ದರೆ ದೂಳು. ಮತ್ತೆ ರೆಸಿನ್ ತೂರಿಸೋಣ ಅಂದರೆ ಹೋಗುವ ದಾರಿ ನಾವೇ ಮುಚ್ಚಿರುತ್ತೇವೆ. ಗಾಜಿನ ಹಿಂದೆ ಕಪ್ಪು ಬಟ್ಟೆ ಹಿಡಿದು ಟಾರ್ಚ್ ಓರೆಯಾಗಿ ಬಿಡು. ಎರಡು ಮೂರು ಕಡೆಯಿಂದ ನೋಡು, ಒಳಗಿನಿಂದಲೂ ನೋಡು. ಒಂದು ಕಡೆಯಿಂದ ಕಾಣದ ಗಾಳಿ ಇನ್ನೊಂದು ಕಡೆಯಿಂದ ಕಾಣುತ್ತದೆ.

ನೀರಿನ ವಿಷಯದಲ್ಲಿ ನನಗೇ ಆದದ್ದನ್ನು ನಿನಗೆ ಹೇಳಿರಲಿಲ್ಲ. ನಾನು ಹೊಸದಾಗಿ ಕೆಲಸ ಹಿಡಿದಾಗ ಒಬ್ಬರು ಗಾಡಿ ತೊಳೆಸಿಕೊಂಡು ಬಂದಿದ್ದರು. ನಾಣ್ಯದಷ್ಟು ದುಂಡನೆಯ ಒಡಕು, ಬುಲ್ಸ್ ಐ, ಮಾಡಲು ಇದಕ್ಕಿಂತ ಸುಲಭದ್ದಿಲ್ಲ. ಮೇಲೆ ಬಟ್ಟೆಯಲ್ಲಿ ಒರೆಸಿ ರೆಸಿನ್ ತುಂಬಿದೆ. ಅವತ್ತು ಕನ್ನಡಿಯ ಹಾಗಿತ್ತು. ಒಂದೂವರೆ ತಿಂಗಳಾದ ಮೇಲೆ ವಾಪಸ್ ಬಂದಾಗ ವೃತ್ತದ ಅಂಚಿನ ಸುತ್ತ ಹಾಲು ಚೆಲ್ಲಿದ ಹಾಗೆ ಬಿಳಿ ಕಟ್ಟಿತ್ತು. ಸಂದಿಯೊಳಗಿನ ತೇವ ರೆಸಿನ್ನನ್ನು ಗಾಜಿಗೆ ಅಂಟಲು ಬಿಟ್ಟಿರಲಿಲ್ಲ. ಅವರು ಬೈಯಲಿಲ್ಲ. "ಮೊದಲು ಚೆನ್ನಾಗಿತ್ತಲ್ವಾ" ಅಂದರು, ಅಷ್ಟೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಯಾರೇ ಬಂದರೂ ಮೊದಲು ಕೇಳು: ಯಾವಾಗ ತೊಳೆದಿರಿ, ಮಳೆಯಲ್ಲಿ ಬಂದಿರಾ, ಕಲ್ಲು ಬಿದ್ದು ಎಷ್ಟು ದಿನವಾಯಿತು. ಸಡಿಲವಾದ ಗಾಜಿನ ಪುಡಿಯನ್ನು ಸೂಜಿಯಿಂದ ತೆಗೆದುಬಿಡು, ಅದೇ ಎಷ್ಟೋ ಸಲ ರೆಸಿನ್‌ಗೆ ಅಡ್ಡ ನಿಲ್ಲುವುದು. ಆಮೇಲೆ ಮೆಲ್ಲಗೆ ಬಿಸಿ ಕೊಟ್ಟು ಒಣಗಿಸು. ಒಂದೇ ಕಡೆ ಜೋರಾಗಿ ಬಿಸಿ ಮಾಡಿದರೆ ಬಿರುಕು ಅಲ್ಲೇ ಓಡುತ್ತದೆ. ಒಣಗಿದ ಮೇಲೆ ಗಾಜು ತಾನಾಗಿ ತಣಿಯುವ ತನಕ ಕಾಯಬೇಕು. ಕಾಯುವುದೇ ಕಷ್ಟ, ಗಾಡಿಯವರು ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿರುತ್ತಾರೆ. ನೋಡಲಿ.

ಬಿಸಿಲಲ್ಲಿ ನಿಂತ ಗಾಡಿಗೂ ಇದೇ ಮಾತು. ಸುಡುವ ಗಾಜಿನಲ್ಲಿ ಸಂದಿ ಬಿಗಿದುಕೊಂಡಿರುತ್ತದೆ, ರೆಸಿನ್ ನೀರಾಗುತ್ತದೆ. ಬಿಸಿಲಿನಲ್ಲೂ ಯುವಿ ಇದೆಯಲ್ಲ, ತುದಿ ಮುಟ್ಟುವ ಮೊದಲೇ ಗಟ್ಟಿಯಾಗತೊಡಗುತ್ತದೆ. ನೆರಳಿಗೆ ತಂದು ನಿಲ್ಲಿಸು. ಬೇಗ ತಣಿಯಲಿ ಅಂತ ನೀರು ಹಾಕಬೇಡ, ಎಸಿ ಹಾಕಬೇಡ.

ಲ್ಯಾಂಪ್ ಬಗ್ಗೆ ಒಂದು ಮಾತು. ಹೊತ್ತಿಕೊಂಡಿದೆ ಅಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಅಂತ ಅಲ್ಲ. ಬಲ್ಬ್ ಹಳೆಯದಾದರೆ ನೀಲಿ ಬೆಳಕು ಹಾಗೇ ಕಾಣುತ್ತಿರುತ್ತದೆ, ಯುವಿ ಕಮ್ಮಿಯಾಗಿರುತ್ತದೆ. ಆಗಾಗ ಚೂರು ಗಾಜಿನ ಮೇಲೆ ಒಂದು ಹನಿ ರೆಸಿನ್ ಹಾಕಿ, ಮೇಲೆ ಪ್ಲಾಸ್ಟಿಕ್ ಫಿಲ್ಮ್ ಮುಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಲ್ಯಾಂಪ್ ಹಿಡಿದು ಉಗುರಿನಿಂದ ಒತ್ತಿ ನೋಡು. ಕಲ್ಲು ಹೊಡೆದ ಗುಳಿಗೆ ಮಂದವಾದ ರೆಸಿನ್ ತುಂಬುವಾಗಲೂ ಆ ಫಿಲ್ಮ್ ಮರೆಯಬೇಡ. ಗಾಳಿ ತಾಗಿದರೆ ಮೇಲ್ಮೈ ಅಂಟಂಟಾಗೇ ಉಳಿಯುತ್ತದೆ. ಬ್ಲೇಡ್ ನೆಟ್ಟಗೆ ಹಿಡಿದು ಹೆರೆ. ಅರ್ಧ ಗಟ್ಟಿಯಾದಾಗ ಹೆರೆದರೆ ರೆಸಿನ್ ಕಿತ್ತುಬಂದು ತಗ್ಗಾಗುತ್ತದೆ, ವೈಪರ್ ಆಡಿದಂತೆಲ್ಲ ಅದರಲ್ಲಿ ಕೊಳೆ ಕೂರುತ್ತದೆ.

ಬೇಡ ಅನ್ನುವುದನ್ನೂ ಕಲಿ. ಒಳಗಿನ ಗಾಜಿಗೂ ಪೆಟ್ಟಾಗಿದ್ದರೆ, ಅಂಚಿಗೆ ಮುಟ್ಟಿದ ಬಿರುಕಾದರೆ, ಓಡಿಸುವವರ ಕಣ್ಣಿಗೆ ನೇರವಾಗಿದ್ದರೆ ರಿಪೇರಿಗೆ ಕೈ ಹಾಕಬೇಡ, ಗಾಜೇ ಬದಲಾಯಿಸಲಿ. ಕಣ್ಣೆದುರಿನ ರಿಪೇರಿ ಎಷ್ಟು ಚೆನ್ನಾಗಿ ಆದರೂ ರಾತ್ರಿ ಎದುರು ಗಾಡಿಯ ಲೈಟಿಗೆ ಮಿನುಗಬಹುದು. ಕೈ ಹಾಕುವ ಕೆಲಸದಲ್ಲೂ ಸಣ್ಣ ಗುರುತು ಉಳಿಯುತ್ತದೆ, ಮಾಡುವಾಗಲೇ ಬಿರುಕು ಓಡಬಹುದು ಅಂತ ಮೊದಲೇ ಹೇಳಿಬಿಡು.

ಈ ಗಾಜು ಹುಟ್ಟಿದ ಕತೆ ನೀನು ಚಿಕ್ಕವಳಿದ್ದಾಗ ಹೇಳುತ್ತಿದ್ದೆ, ನೆನಪಿದೆಯಾ? 1903ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಎದುವಾರ್ ಬೆನೆದಿಕ್ತುಸ್ ಕೈಯಿಂದ ಗಾಜಿನ ಫ್ಲಾಸ್ಕ್ ಬಿತ್ತು. ಒಡೆಯಿತು, ಆದರೆ ಚೂರು ಬೇರೆಯಾಗಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಅನ್ನುವ ಪ್ಲಾಸ್ಟಿಕ್‌ನ ತೆಳು ಪೊರೆ ಅವನ್ನು ಹಿಡಿದಿತ್ತು. ಅವನು ಅದನ್ನು ಗುಡಿಸಿ ಎಸೆಯಲಿಲ್ಲ, ಯಾಕೆ ಹೀಗಾಯಿತು ಅಂತ ನೋಡಿದ. ಅದರಿಂದ ಬಂದದ್ದು ಈ ಪದರದ ಗಾಜು.

ನೀನೂ ಎಸೆಯಬೇಡ. ಆ ಗಾಡಿಯವರು ಗಾಜು ಬದಲಾಯಿಸುವಾಗ ಹಳೆಯದು ಬೇಕು ಅಂತ ಕೇಳು, ಚಿಪ್ ಇರುವ ತುಂಡನ್ನು ಕತ್ತರಿಸಿಕೊಂಡು ಬಟ್ಟೆಯಲ್ಲಿ ಸುತ್ತಿಡು. ಮುಂದಿನ ತಿಂಗಳು ಬರುತ್ತೇನೆ. ನನ್ನ ಹಳೆಯ ಭೂತಕನ್ನಡಿಯನ್ನೂ ತರುತ್ತೇನೆ, ಐದನೆಯ ಕಾಲಿನಲ್ಲಿ ಏನು ಅಡ್ಡ ನಿಂತಿತ್ತು ಅಂತ ಇಬ್ಬರೂ ಕೂತು ನೋಡೋಣ. ಅಷ್ಟರಲ್ಲಿ ಇಂಜೆಕ್ಟರಿನ ಸೀಲ್ ಒಂದು ಬದಲಾಯಿಸಿಬಿಡು.

ನಿನ್ನ
ಅಪ್ಪ