ಕಾಂಕ್ರೀಟು ಹಾಕುವ ಮೊದಲು ರಸ್ತೆಯ ಮಟ್ಟ ಗುರುತಿಸಿಕೊಡುವಂತೆ ಮನವಿ

ಇವರಿಗೆ,
ಕಾರ್ಯಪಾಲಕ ಇಂಜಿನಿಯರ್ ಅವರು,
ರಸ್ತೆ ಕಾಮಗಾರಿ ವಿಭಾಗ, ನಗರ ಪಾಲಿಕೆ, ಬೆಂಗಳೂರು

ಇವರಿಂದ,
6ನೇ ಅಡ್ಡರಸ್ತೆಯ ನಿವಾಸಿಗಳು

ವಿಷಯ: 6ನೇ ಅಡ್ಡರಸ್ತೆಯ ವೈಟ್‌ಟಾಪಿಂಗ್ ಕಾಮಗಾರಿ – ಮಟ್ಟ, ಪೈಪು, ಮೋರಿ ಮತ್ತು ಕೆಲಸದ ಅನುಕ್ರಮದ ಬಗ್ಗೆ

ಮಾನ್ಯರೇ,

ನಮ್ಮ ರಸ್ತೆಯಲ್ಲಿ ವೈಟ್‌ಟಾಪಿಂಗ್‌ಗೆ, ಅಂದರೆ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟು ಹಾಸುವುದಕ್ಕೆ, ಬಣ್ಣದ ಗುರುತು ಹಾಕಿ ಹೋಗಿದ್ದಾರೆ. ಕಾಂಕ್ರೀಟು ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ನೀರು ನಿಂತರೆ ಡಾಂಬರು ಜಲ್ಲಿಯನ್ನು ಬಿಟ್ಟುಕೊಡುತ್ತದೆ, ಪ್ರತಿ ಮಳೆಗಾಲ ಗುಂಡಿ ಬೀಳುತ್ತದೆ. ಅಂಥ ರಸ್ತೆಗೆ ಕಾಂಕ್ರೀಟು ಒಳ್ಳೆಯದೇ. ನಾವು ಕೇಳುವುದು ಒಂದೇ: ರಸ್ತೆಯ ಅಂತಿಮ ಮಟ್ಟ ಎಲ್ಲಿ ಬರುತ್ತದೆ ಎಂಬುದನ್ನು ಪ್ರತಿ ಮನೆಯ ಗೇಟಿನ ಕಂಬದ ಮೇಲೆ ಮೊದಲು ಗುರುತು ಹಾಕಿಸಿ, ಕೆಳಗಿನದ್ದನ್ನೆಲ್ಲ ಆ ಮಟ್ಟಕ್ಕೆ ಹೊಂದಿಸಿ, ಆಮೇಲೆ ಕಾಂಕ್ರೀಟು ಹಾಕಿಸಿ. ಡಾಂಬರಿನಲ್ಲಿ ಆದ ತಪ್ಪನ್ನು ಮುಂದಿನ ಸಲ ತಿದ್ದಬಹುದು. ಕಾಂಕ್ರೀಟಿನಲ್ಲಿ ಆ ಸೌಕರ್ಯ ಇಲ್ಲ.

ರಸ್ತೆ 310 ಮೀಟರ್ ಉದ್ದ, ವಾಹನ ಓಡಾಡುವ ಭಾಗ 7 ಮೀಟರ್ ಅಗಲ. ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಕೊಳವೆ) ಹಿಡಿದು 58 ಗೇಟುಗಳನ್ನೂ ಅಳೆದಿದ್ದೇವೆ. 37 ಗೇಟುಗಳ ಹೊಸ್ತಿಲು ರಸ್ತೆಯ ನಡುಭಾಗಕ್ಕಿಂತ 10 ಸೆಂ.ಮೀ. ಕೂಡ ಎತ್ತರದಲ್ಲಿಲ್ಲ. ಹಳೆಯ ಪದರ ಕೀಳದೆ ಮೇಲೆ ಮೇಲೆ ಡಾಂಬರು ಹಾಕುತ್ತಾ ಬಂದರೆ ಹೀಗಾಗುತ್ತದೆ. ಇದರ ಮೇಲೆ 150 ಮಿ.ಮೀ. ಕಾಂಕ್ರೀಟು ಕೂತರೆ ಈ 37 ಮನೆಗಳ ಹೊಸ್ತಿಲು ರಸ್ತೆಯ ನಡುಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಬೆಂಗಳೂರಿನ ಮನೆಗಳಲ್ಲಿ ಗೇಟು ದಾಟಿದ ಎರಡು ಹೆಜ್ಜೆಗೇ ಸಂಪು ಇರುತ್ತದೆ, ಅದರ ಮುಚ್ಚಳ ಅಂಗಳದ ನೆಲಮಟ್ಟದಲ್ಲೇ ಇರುತ್ತದೆ. ಒಂದು ಜೋರು ಮಳೆಗೆ ರಸ್ತೆಯ ನೀರು ಗೇಟಿನಡಿ ನುಗ್ಗಿತೆಂದರೆ ನೇರ ಸೇರುವುದು ಕುಡಿಯುವ ನೀರಿಗೆ. ಗೇಟಿಗೊಂದು ಸಿಮೆಂಟಿನ ಇಳಿಜಾರು ಹಾಕಿಕೊಡುತ್ತೇವೆ ಎಂಬುದು ಇದಕ್ಕೆ ಪರಿಹಾರವಲ್ಲ. ಆ ಇಳಿಜಾರು ಇರುವಷ್ಟು ಫುಟ್‌ಪಾತನ್ನೂ ನುಂಗುತ್ತದೆ, ನೀರನ್ನು ಮನೆಯ ಕಡೆಗೇ ತಿರುಗಿಸುತ್ತದೆ.

ಹಾಗಾದರೆ ಹಳೆಯ ಡಾಂಬರನ್ನು ಮಿಲ್ಲಿಂಗ್ ಯಂತ್ರದಿಂದ ಕೆರೆದು ತೆಗೆದರಾಯಿತಲ್ಲ ಎನ್ನಬಹುದು. ಅದಕ್ಕೂ ಮಿತಿ ಇದೆ. ವೈಟ್‌ಟಾಪಿಂಗ್ ಕುರಿತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಎಸ್‌ಪಿ 76 ಮಾರ್ಗಸೂಚಿಯ ಪ್ರಕಾರ ಕೆರೆದ ಮೇಲೂ ಕೆಳಗೆ ಕನಿಷ್ಠ 75 ಮಿ.ಮೀ. ಗಟ್ಟಿ ಡಾಂಬರು ಉಳಿದಿರಬೇಕು. ತೆಳುವಾದ ಕಾಂಕ್ರೀಟು ನಿಲ್ಲುವುದೇ ಅದರ ಆಸರೆಯಲ್ಲಿ. ನಮ್ಮ ರಸ್ತೆಯಲ್ಲಿ ಒಟ್ಟು ಡಾಂಬರು 200 ಮಿ.ಮೀ. ಇದ್ದರೆ 125 ಕೆರೆಯಬಹುದು, ರಸ್ತೆ ಬರೀ 25 ಮಿ.ಮೀ. ಏರುತ್ತದೆ. 100 ಮಾತ್ರ ಇದ್ದರೆ 25 ಕೆರೆಯಬಹುದು, ರಸ್ತೆ 125 ಮಿ.ಮೀ. ಏರಿಯೇ ಏರುತ್ತದೆ. ಆದ್ದರಿಂದ ಎರಡು ತುದಿ ಮತ್ತು ನಡುವೆ, ಮೂರು ಕಡೆ ಪರೀಕ್ಷಾ ಗುಂಡಿ ತೆಗೆಸಿ ಡಾಂಬರಿನ ದಪ್ಪ ಅಳೆಸಿ. ದಪ್ಪ ಸಾಲದಿದ್ದರೆ ವೈಟ್‌ಟಾಪಿಂಗ್ ಬಿಟ್ಟು, ಪೂರ್ತಿ ಅಗೆದು ಜಲ್ಲಿ ಹಾಸು, ಡ್ರೈ ಲೀನ್ ಕಾಂಕ್ರೀಟು (ಸಿಮೆಂಟು, ನೀರು ಕಡಿಮೆ ಇರುವ ತಳದ ಕಾಂಕ್ರೀಟು), ಅದರ ಮೇಲೆ ರಸ್ತೆ ಕಾಂಕ್ರೀಟು ಎಂದು ಅಂದಾಜು ಪಟ್ಟಿಯನ್ನೇ ಬದಲಿಸಬೇಕಾಗುತ್ತದೆ. ಖರ್ಚು ಹೆಚ್ಚು, ದಿನವೂ ಹೆಚ್ಚು. ಆದರೆ ಅದನ್ನು ಈಗಲೇ ನಿರ್ಧರಿಸುವುದು ಮೇಲು. ಯಂತ್ರ ಬಂದು ನಿಂತ ಮೇಲೆ ಯಾರೂ ಪಟ್ಟಿ ಬದಲಿಸುವುದಿಲ್ಲ. ಮಟ್ಟವನ್ನು ರಸ್ತೆಯ ನಡುವಿನಿಂದಲ್ಲ, ಅಂಚಿನಿಂದ ಹಿಡಿಯಲಿ ಎಂಬುದು ಇನ್ನೊಂದು ಕೋರಿಕೆ. ನೂರಕ್ಕೆ 2ರಷ್ಟು ಇಳಿಜಾರು ಕೊಟ್ಟರೆ ನಡುವಿಗಿಂತ ಅಂಚು 70 ಮಿ.ಮೀ. ತಗ್ಗಿನಲ್ಲಿರುತ್ತದೆ. ಆ 70 ಮಿ.ಮೀ. ಮನೆಗಳನ್ನು ಕಾಯುತ್ತದೆ.

ಇನ್ನು ನೆಲದೊಳಗಿನದ್ದು. ಒಳಚರಂಡಿ ಕೊಳವೆ ರಸ್ತೆಯ ನಟ್ಟನಡುವೆ ಹೋಗಿದೆ, ಹಳೆಯ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಪೈಪು, 11 ಮ್ಯಾನ್‌ಹೋಲ್. ಕುಡಿಯುವ ನೀರಿನ ಮನೆ ಸಂಪರ್ಕಗಳಲ್ಲಿ ಹಳೆಯವೆಲ್ಲ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ತುಕ್ಕು ಹಿಡಿದಿವೆ. ಇವುಗಳ ಮೇಲೆ ರೋಲರ್ ಮತ್ತು ತುಂಬಿದ ಕಾಂಕ್ರೀಟು ಲಾರಿ ಓಡಿದರೆ ಕೆಲವು ಒಡೆಯುವುದು ಖಂಡಿತ, ಸೋರಿಕೆ ಮೇಲೆ ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕು. ಆಗ ಹೊಸ ಕಾಂಕ್ರೀಟನ್ನೇ ಕತ್ತರಿಸಬೇಕು. ಹಾಗಾಗಿ ಜಲಮಂಡಳಿ ಮತ್ತು ಬೆಸ್ಕಾಂ ಇಂಜಿನಿಯರ್‌ಗಳನ್ನೂ ವಾಲ್ವ್‌ಮನ್‌ರನ್ನೂ ಕರೆದು ಜಂಟಿ ಪರಿಶೀಲನೆ ಮಾಡಿಸಿ. ಕಾಗದದ ನಕ್ಷೆಗಿಂತ ವಾಲ್ವ್‌ಮನ್ ತಲೆಯಲ್ಲಿರುವ ನಕ್ಷೆ ಹೆಚ್ಚು ಸರಿ. ಜಿಐ ಸಂಪರ್ಕಗಳನ್ನು ಬದಲಿಸಿ, ರಸ್ತೆ ದಾಟುವ ಪ್ರತಿಯೊಂದನ್ನೂ ದೊಡ್ಡ ಪೈಪಿನೊಳಗೆ ತೂರಿಸಲಿ. ಮುಂದೆ ಸೋರಿದರೆ ರಸ್ತೆ ಅಗೆಯದೆ ಒಳಗಿನ ಪೈಪನ್ನು ಎಳೆದು ಬದಲಿಸಬಹುದು. ಅದಲ್ಲದೆ ಸುಮಾರು 50 ಮೀಟರಿಗೊಂದು ಖಾಲಿ ಅಡ್ಡಪೈಪು ಹಾಕಿ ಎರಡು ಬಾಯಿಗೂ ಮುಚ್ಚಳ ಬಿಗಿದು, ಅದಿರುವ ಜಾಗವನ್ನು ಕರ್ಬ್ ಕಲ್ಲಿನ ಮೇಲೆ ಕೊರೆಸಿಡಿ. ಇಂಟರ್ನೆಟ್ ಕೇಬಲ್‌ನವರು ನಾಳೆ ಬಂದೇ ಬರುತ್ತಾರೆ.

ಮ್ಯಾನ್‌ಹೋಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಕಾಂಕ್ರೀಟು ರಸ್ತೆ ಮೊದಲು ಸೀಳುವುದು ಅಲ್ಲೇ. ಅರ್ಧ ಅಗಲ ಈಗ, ಅರ್ಧ ಆಮೇಲೆ ಎಂದು ಹಾಕುವಾಗ ನಡುವಿನ ಜೋಡಣೆಯ ಗೆರೆ ಸರಿಯಾಗಿ ಮ್ಯಾನ್‌ಹೋಲ್‌ಗಳ ಮೇಲೆಯೇ ಹಾದುಹೋಗುತ್ತದೆ. ಚೌಕಟ್ಟಿನ ಸುತ್ತ ಚೌಕ ಜಾಗ ಖಾಲಿ ಬಿಟ್ಟು, ಎರಡೂ ಬದಿ ಮುಗಿದ ಮೇಲೆ ಕಬ್ಬಿಣ ಕಟ್ಟಿ ಅದನ್ನು ಪ್ರತ್ಯೇಕ ತುಂಬಬೇಕು. ಪಕ್ಕದ ಕೊಯ್ತದ ಗೆರೆಗಳು (ಕಾಂಕ್ರೀಟು ಅಡ್ಡಾದಿಡ್ಡಿ ಸೀಳದಂತೆ ಯಂತ್ರದಿಂದ ಕೊಯ್ಯುವ ಗೆರೆಗಳು) ಆ ಚೌಕದ ಮೂಲೆಗಳಿಗೇ ಬಂದು ಸೇರಬೇಕು. ಗೆರೆ ತಪ್ಪಿದರೆ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಮುಚ್ಚಳ ರಸ್ತೆಯ ಮಟ್ಟಕ್ಕೆ ಸರಿಯಾಗಿ ಕೂರಲಿ. ಎರಡು ಬೆರಳು ತಗ್ಗಾದರೂ ರಾತ್ರಿ ಸ್ಕೂಟರಿನವರಿಗೆ ಅದು ಗುಂಡಿಯೇ.

ಮೋರಿ ಬದಿಯದು ಇಷ್ಟು: ನೀರು ರಸ್ತೆಯಿಂದ ಮೋರಿಗೆ ಇಳಿಯುವ ಕಿಂಡಿಯ ತಳ ರಸ್ತೆ ಅಂಚಿಗಿಂತ ತಗ್ಗಿನಲ್ಲಿರಬೇಕು, ಮೋರಿಯ ತಳ ರಾಜಕಾಲುವೆಯ ಕಡೆಗೆ ಒಂದೇ ಸಮ ಇಳಿಯಬೇಕು. ಮನೆಗಳ ಮಳೆನೀರು ಕೊಯ್ಲಿನ ಹೆಚ್ಚುವರಿ ನೀರು ಬಂದು ಬೀಳುವುದೂ ಇದೇ ಮೋರಿಗೆ. ಮೋರಿ ಎತ್ತರಿಸಿದರೆ ಆ ಪೈಪುಗಳಲ್ಲಿ ನೀರು ಹಿಮ್ಮುಖವಾಗಿ ಮನೆಗೆ ಬರುತ್ತದೆ. ಮುಚ್ಚುವ ಸ್ಲ್ಯಾಬ್‌ಗಳಿಗೆ ಎತ್ತುವ ಕೊಕ್ಕೆ ಇರಲಿ. ಕೊಕ್ಕೆ ಇಲ್ಲದ ಸ್ಲ್ಯಾಬ್ ಎಬ್ಬಿಸಲು ಜೆಸಿಬಿ ಬರಬೇಕು, ಬಂದರೆ ಅದು ಎರಡು ತುಂಡಾಗಿಯೇ ಮೇಲೆ ಬರುವುದು.

ಕಾಂಕ್ರೀಟು ಹಾಕುವ ದಿನದ ಲೆಕ್ಕ. 150 ಮಿ.ಮೀ. ದಪ್ಪಕ್ಕೆ ಸುಮಾರು 325 ಘನ ಮೀಟರ್, 6 ಘನ ಮೀಟರಿನ ಮಿಕ್ಸರ್ ಲಾರಿಯಲ್ಲಿ 54–55 ಲೋಡು. ರೆಡಿಮಿಕ್ಸ್ ಕಾಂಕ್ರೀಟನ್ನು ಕಲಸಿದ 2 ಗಂಟೆಯೊಳಗೆ ಸುರಿಯಬೇಕು. ಬೆಂಗಳೂರಿನ ಹಗಲು ಟ್ರಾಫಿಕ್‌ನಲ್ಲಿ ಆ ಹೊತ್ತು ಸಿಗ್ನಲ್‌ಗಳಲ್ಲೇ ಕಳೆದುಹೋಗುತ್ತದೆ; ಗಟ್ಟಿಯಾಗತೊಡಗಿದ ಕಾಂಕ್ರೀಟಿಗೆ ಸ್ಥಳದಲ್ಲಿ ಪೈಪು ಹಿಡಿದು ನೀರು ಬೆರೆಸುತ್ತಾರೆ. ಆಗ ಎಂ40 ಎಂಬ ಗಟ್ಟಿತನದ ದರ್ಜೆ ಬಿಲ್ಲಿನಲ್ಲಿ ಮಾತ್ರ ಉಳಿಯುತ್ತದೆ. ಆದ್ದರಿಂದ ಪ್ರತಿ ಲೋಡಿನ ಚಲನ್‌ನಲ್ಲಿ ಕಲಸಿದ ಸಮಯ ನೋಡಿ, ಸ್ಲಂಪ್ (ಹಸಿ ಕಾಂಕ್ರೀಟಿನ ಹದ) ಪರೀಕ್ಷಿಸಿ, ಗಟ್ಟಿತನ ನೋಡಲು ಕ್ಯೂಬ್ ತುಂಬಿಸಿ, 7 ಮತ್ತು 28 ದಿನದ ಫಲಿತಾಂಶ ನಮಗೂ ತೋರಿಸಿ. ಕೊಯ್ತದ ಗೆರೆಗಳನ್ನು ಮರುದಿನ ಬೆಳಗ್ಗೆ ಬಿಸಿಲೇರುವ ಮೊದಲೇ, ದಪ್ಪದ ಮೂರನೇ ಒಂದು ಭಾಗ ಅಂದರೆ 50 ಮಿ.ಮೀ. ಆಳಕ್ಕೆ ಹಾಕಿ ಮುಗಿಸಬೇಕು. ಕಟರ್ ಯಂತ್ರ ಬೇರೆ ಸೈಟಿನಲ್ಲಿದೆ, ನಾಳೆ ಬರುತ್ತದೆ ಎಂದರೆ ಅಷ್ಟರಲ್ಲಿ ಕಾಂಕ್ರೀಟು ತನಗೆ ಬೇಕಾದ ಕಡೆ ತಾನೇ ಬಿರುಕು ಬಿಟ್ಟಿರುತ್ತದೆ.

ಕ್ಯೂರಿಂಗ್ 14 ದಿನ ತಪ್ಪದೆ ಆಗಬೇಕು. ರಸ್ತೆಗೆ ಇಳಿಜಾರಿರುವುದರಿಂದ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಅದು ಒಂದೇ ಬದಿಗೆ ಸೇರುತ್ತದೆ. ಒದ್ದೆ ಗೋಣಿತಾಟು ಹೊದಿಸುವುದೇ ಸರಿ, ಅದು ಒಣಗಲು ಬಿಡಬಾರದು. 2024ರ ಮಾರ್ಚ್‌ನಲ್ಲಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸದಂತೆ ಜಲಮಂಡಳಿ ಆದೇಶಿಸಿದ್ದು ನೆನಪಿದೆ. ಟ್ಯಾಂಕರಿನಲ್ಲಿ ಸಂಸ್ಕರಿಸಿದ ನೀರು ತರಿಸಲಿ, ಬೀದಿಯ ನಲ್ಲಿಗೆ ಪೈಪು ಹಾಕುವುದು ಬೇಡ.

ಕೆಲಸದ ಕಾಲವೂ ಮುಖ್ಯ. ಬೆಂಗಳೂರಿಗೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಅಗೆದಿಟ್ಟರೆ ರಸ್ತೆ ಕಾಲುವೆಯಾಗುತ್ತದೆ. ಡಿಸೆಂಬರ್‌ನಲ್ಲಿ ಪೈಪಿನ ಕೆಲಸ ಹಿಡಿದು ಮಾರ್ಚ್‌ಗೆ ಕಾಂಕ್ರೀಟು ಮುಗಿಸುವ ಹಾಗೆ ಹೊಂದಿಸಿ. ಅರ್ಧ ರಸ್ತೆ ಯಾವಾಗಲೂ ತೆರೆದಿರಲಿ; ಆಂಬುಲೆನ್ಸ್, ನೀರಿನ ಟ್ಯಾಂಕರ್, ಕಸದ ಆಟೋ ಇಷ್ಟು ಬಂದರೆ ಸಾಕು, ಕಾರುಗಳನ್ನು ನಾವು ಮುಖ್ಯರಸ್ತೆಯಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ಹೊಂಗೆ ಮರಗಳ ಬುಡದಲ್ಲಿ ಸುತ್ತ ಒಂದು ಮೀಟರ್ ಮಣ್ಣು ಬಿಡಿ. ಗುತ್ತಿಗೆ ಮೊತ್ತ, ಮುಗಿಯುವ ದಿನಾಂಕ, ದೋಷ ಹೊಣೆಗಾರಿಕೆಯ ಅವಧಿ, ಸ್ಥಳದ ಇಂಜಿನಿಯರ್ ದೂರವಾಣಿ ಸಂಖ್ಯೆ ಇರುವ ಫಲಕ ಮೊದಲ ಗುದ್ದಲಿ ಬೀಳುವ ಮುನ್ನ ನಿಲ್ಲಲಿ.

ಮಿಲ್ಲಿಂಗ್ ಯಂತ್ರ ಬರುವುದಕ್ಕೆ ಕನಿಷ್ಠ 15 ದಿನ ಮೊದಲು ಜಂಟಿ ಪರಿಶೀಲನೆಯ ದಿನಾಂಕ ತಿಳಿಸಬೇಕೆಂದು ಕೋರುತ್ತೇವೆ. ಅಂದು ಬೆಳಗ್ಗೆ 7 ಗಂಟೆಗೆ, ನೀರು ಬಿಡುವ ದಿನವೇ ಆದರೆ ಉತ್ತಮ. ಸೋರಿಕೆ ಎಲ್ಲೆಲ್ಲಿ ಎಂಬುದು ತಾನಾಗಿಯೇ ಕಾಣುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
6ನೇ ಅಡ್ಡರಸ್ತೆಯ ನಿವಾಸಿಗಳು

ಲಗತ್ತು: 58 ಗೇಟುಗಳ ಮಟ್ಟದ ಪಟ್ಟಿ, ಮ್ಯಾನ್‌ಹೋಲ್ ಮತ್ತು ವಾಲ್ವ್ ಇರುವ ಜಾಗಗಳ ಕೈನಕ್ಷೆ, ಸಹಿಗಳ ಹಾಳೆ