ಪ್ರಬಂಧದ ವಿಷಯ ಆರಿಸುವವರಿಗೆ

ಎಲ್ಲರ ಗಮನಕ್ಕೆ,

ಸುಸ್ಥಿರ ಜಲಕೃಷಿಯ (ಮೀನು ಮುಂತಾದ ಜಲಜೀವಿಗಳ ಸಾಕಣೆ) ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಆರಿಸುತ್ತಿರುವವರು ಈ ವಾರದೊಳಗೆ ಒಂದು ಪುಟದ ಟಿಪ್ಪಣಿ ಇಲ್ಲಿ ಹಾಕಿ. ಸಾಕು ಮೀನಿನ ಆಹಾರಕ್ಕೆ ಬೆರೆಸುವ ಮೀನುಪುಡಿಗೆ (ಒಣಗಿಸಿ ಪುಡಿ ಮಾಡಿದ ಮೀನು) ಬದಲಿ ಹುಡುಕುವವರೇ ಹೆಚ್ಚಿದ್ದೀರಿ. ಒಳ್ಳೆಯದೇ, ಆದರೆ ಒಂದೇ ತೊಟ್ಟಿಯ 30 ಮೀನುಗಳನ್ನು 30 ಪುನರಾವರ್ತನೆ (ಅದೇ ಪ್ರಯೋಗವನ್ನು ಪ್ರತ್ಯೇಕವಾಗಿ ಮತ್ತೆ ಮಾಡಿದ್ದು) ಎಂದು ಎಣಿಸಬೇಡಿ. ಆಹಾರ ಹಾಕುವುದು ತೊಟ್ಟಿಗೆ, ಹಾಗಾಗಿ ಲೆಕ್ಕಕ್ಕೆ ಬರುವುದೂ ತೊಟ್ಟಿಯೇ. ಪ್ರತಿ ಆಹಾರಕ್ಕೆ ಕನಿಷ್ಠ 3 ತೊಟ್ಟಿ ಇರಲಿ (ಜಾಗ ಸಾಲದಿದ್ದರೆ ಆಹಾರದ ಬಗೆ ಕಡಿಮೆ ಮಾಡಿ, ತೊಟ್ಟಿ ಅಲ್ಲ).

ಕೊಳದಲ್ಲಿ ಕೆಲಸ ಮಾಡುವವರು ಕರಗಿದ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮೊದಲೂ ಅಳೆಯಿರಿ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಅದು ತೀರಾ ಇಳಿಯುವುದು ಆಗಲೇ. ಮಧ್ಯಾಹ್ನದ ಅಂಕಿ ನೋಡಲು ಚೆಂದ, ಅಷ್ಟೇ.

ನೀರಿನ ಅಮೋನಿಯಾ ಪ್ರಮಾಣ ಬರೆಯುವಾಗ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ), ಉಷ್ಣಾಂಶ ಜೊತೆಗಿರಲಿ. ಅವಿಲ್ಲದೆ ಅದರಲ್ಲಿ ಮೀನಿಗೆ ವಿಷಕಾರಿಯಾದ ಭಾಗ ಎಷ್ಟೆಂದು ಹೇಳಲಾಗದು.